ನೋವು ಹೋದರೂ ಮರಳದ ಸ್ನಾಯು

ಅಟ್ಟದ ಮೇಲಿನ ಡಬ್ಬಿಗೆಂದು ತಟಕ್ಕನೆ ಕೈ ಎತ್ತುತ್ತೇವೆ. ಕೈ ಮೇಲೇಳುವ ಮೊದಲೇ ಬೆನ್ನಿನ ಆಳದಲ್ಲಿ ಕೆಲವು ಎಳೆಗಳು ಬಿಗಿದುಕೊಂಡಿರುತ್ತವೆ. ಆ ಸ್ನಾಯುವಿನ ಹೆಸರು ಮಲ್ಟಿಫಿಡಸ್. ಲ್ಯಾಟಿನ್ನಿನಲ್ಲಿ ‘ಹಲವು ಸೀಳಾದುದು’ ಎಂದರ್ಥ. ಹೆಸರು ಅನ್ವರ್ಥವೇ ಸರಿ. ಬೆನ್ನೆಲುಬಿನ ಬುಡದ ತ್ರಿಕಾಸ್ಥಿಯಿಂದ ಕೊರಳಿನ ಎರಡನೆಯ ಮಣಿಯವರೆಗೆ, ಇಕ್ಕೆಲಗಳಲ್ಲಿಯೂ ಇದರ ಎಳೆಗಳು ಹಬ್ಬಿವೆ. ಒಂದೊಂದು ಎಳೆಯೂ ಕೆಳಗಿನ ಮಣಿಯ ಪಕ್ಕದಿಂದ ಹೊರಟು, ಸಾಮಾನ್ಯವಾಗಿ ಎರಡರಿಂದ ನಾಲ್ಕು ಮಣಿಗಳಷ್ಟು ಓರೆಯಾಗಿ ಮೇಲೇರಿ, ಅಲ್ಲಿನ ಮಣಿಯ ಹಿಂಬದಿಯ ಮುಳ್ಳಿಗೆ ಅಂಟುತ್ತದೆ. ಸೊಂಟದಲ್ಲಿ ಇದು ಅತ್ಯಂತ ದಪ್ಪ.

ಬಾಗಿದ ಬೆನ್ನನ್ನು ಎತ್ತಿ ನಿಲ್ಲಿಸುವ ಬಲ ಬಹುಮಟ್ಟಿಗೆ ಮೇಲ್ಪದರದ ದೊಡ್ಡ ಸ್ನಾಯುಗಳದು. ಮಣಿಯ ಮೇಲಿನ ಮಣಿ ಜಾರದಂತೆ ಹಿಡಿಯುವುದು ಇದರ ಮುಖ್ಯ ಕಾರ್ಯ. ತೇರೆಳೆಯುವವರು ನೂರಾರು ಮಂದಿ. ಗಾಲಿಗೆ ಬೆಣೆ ಕೊಡುವವನತ್ತ ನೋಡುವವರಾರು?

ಆಸ್ಟ್ರೇಲಿಯದ ಜೂಲಿ ಹೈಡ್ಸ್ ಮತ್ತು ಸಂಗಡಿಗರು ನೋಡಿದರು. ಮೊದಲ ಸಲ ಸೊಂಟನೋವು ಬಂದ 39 ಮಂದಿಯ ಪರೀಕ್ಷೆಯನ್ನು ಅವರು 1996ರಲ್ಲಿ ಪ್ರಕಟಿಸಿದರು. ನೋವಿದ್ದ ಮಗ್ಗುಲಿನಲ್ಲಿ ಈ ಸ್ನಾಯು ಸೊರಗಿತ್ತು. ನಾಲ್ಕು ವಾರಗಳಲ್ಲಿ ಬಹುತೇಕ ಎಲ್ಲರ ನೋವೂ ಇಳಿಯಿತು. ಆದರೆ ವಿಶೇಷ ವ್ಯಾಯಾಮ ಮಾಡದವರಲ್ಲಿ ಹತ್ತು ವಾರಗಳಾದರೂ ಸ್ನಾಯು ತುಂಬಿಕೊಳ್ಳಲಿಲ್ಲ. ವರ್ಷದೊಳಗೆ ಅವರಲ್ಲಿ ಶೇಕಡ 84 ಮಂದಿಗೆ ನೋವು ಮರುಕಳಿಸಿತು. ವ್ಯಾಯಾಮ ಮಾಡಿದವರಲ್ಲಿ ಶೇಕಡ 30 ಮಂದಿಗೆ. ಗುಂಪು ಚಿಕ್ಕದು, ನಿಜ. ಆದರೂ ಅಂತರ ಸಾಮಾನ್ಯವಾದುದಲ್ಲ.

ಆ ವ್ಯಾಯಾಮ ದಂಡ-ಬಸ್ಕಿಯಲ್ಲ. ಬೆನ್ನನ್ನು ಅಲುಗಿಸದೆ, ಹೊಟ್ಟೆಯ ಒಳಸ್ನಾಯುವಿನೊಡನೆ ಇದನ್ನು ಮೆಲ್ಲನೆ ಬಿಗಿಹಿಡಿಯುವ ಅಭ್ಯಾಸ. ಅಲ್ಟ್ರಾಸೌಂಡ್ ಯಂತ್ರದ ತೆರೆಯ ಮೇಲೆ ತಮ್ಮದೇ ಸ್ನಾಯು ಉಬ್ಬುವುದನ್ನು ನೋಡುತ್ತ ರೋಗಿಗಳು ಅದನ್ನು ಕಲಿತರು.