ಪದವಿಯ ಬಳಿಕ ರಂಗಶಿಕ್ಷಣ: ಮಂಡ್ಯ ಸೀಮೆಯ ತಂದೆತಾಯಂದಿರಿಗೆ ಒಂದು ಮಾತು

ಮಂಡ್ಯ ಸೀಮೆಯ ಜನತೆಗೆ ನಾಟಕವೇನೂ ಹೊಸದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಅನೇಕ ಗ್ರಾಮಗಳಲ್ಲಿ ಹಬ್ಬ ಜಾತ್ರೆಗಳು ಸಮೀಪಿಸಿದವೆಂದರೆ ಹಾರ್ಮೋನಿಯಂ ಮೇಷ್ಟ್ರು ಬಂದು ನೆಲೆಸುತ್ತಾರೆ. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ರಾತ್ರಿ ‘ಕುರುಕ್ಷೇತ್ರ’ದ ಕಂದಪದ್ಯಗಳನ್ನು ಕಲಿಯುತ್ತಾರೆ. ಕೃಷ್ಣ, ದುರ್ಯೋಧನರಂತಹ ಪಾತ್ರಗಳಿಗೆ ನಟರೇ ಹೆಚ್ಚು ಹಣ ತೆತ್ತು, ಸೀನರಿ ಮತ್ತು ವೇಷಭೂಷಣಗಳನ್ನು ಬಾಡಿಗೆಗೆ ತಂದು, ಒಂದು ರಾತ್ರಿಯ ರಂಗವೈಭವಕ್ಕಾಗಿ ಕೈಯಿಂದ ಖರ್ಚು ಮಾಡುವುದನ್ನು ನಾವೆಲ್ಲರೂ ಬಲ್ಲೆವು.

ಆದರೆ ಅದೇ ಮನೆಯ ಮಗನೋ ಮಗಳೋ ಬಿ.ಎ. ಮುಗಿಸಿ, “ಅಪ್ಪಾಜಿ, ನಾನು ನಾಟಕವನ್ನು ಶಾಸ್ತ್ರೋಕ್ತವಾಗಿ ಕಲಿಯುತ್ತೇನೆ” ಎಂದರೆ ಮನೆಯಲ್ಲಿ ಮೌನ ಕವಿಯುತ್ತದೆ. “ಬಣ್ಣ ಹಚ್ಚಿಕೊಂಡರೆ ಹೊಟ್ಟೆ ತುಂಬೀತೇ?” ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಅದಕ್ಕೆ ನೇರವಾದ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಹಿಂದೆ ನಾಟಕ ಕಲಿಯಬೇಕಾದರೆ ಕಂಪನಿಯನ್ನು ಸೇರಬೇಕಾಗಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿಗೇ ಒಂದು ವಿದ್ಯಾಲಯದಂತಿತ್ತು. ಬಾಲ್ಯದಲ್ಲಿ ಆ ಕಂಪನಿಯನ್ನು ಸೇರಿದ ಬಿ.ವಿ. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರೇ ಆದರು. ಉತ್ತರ ಕರ್ನಾಟಕದಲ್ಲಿ ಬಸವೇಶ್ವರರ ಪಾತ್ರದಿಂದ ಮನೆಮಾತಾದ ಏಣಗಿ ಬಾಳಪ್ಪನವರಾಗಲಿ, ನಮ್ಮ ಸೀಮೆಯ ಹೆಸರನ್ನು ಹೊತ್ತ ನಟಿ ಮಳವಳ್ಳಿ ಸುಂದರಮ್ಮನವರಾಗಲಿ ವೃತ್ತಿರಂಗಭೂಮಿಯಲ್ಲಿಯೇ ಬೆಳಗಿದವರು. ಇಂದು ಅಂತಹ ಕಂಪನಿಗಳು ವಿರಳವಾಗಿವೆ. ಕಂಪನಿಯು ಮಾಡುತ್ತಿದ್ದ ಕೆಲಸವನ್ನು ಈಗ ರಂಗಶಾಲೆಗಳು ವಹಿಸಿಕೊಂಡಿವೆ.

ಅಂತಹ ಶಾಲೆಗಳು ನಮ್ಮ ನಾಡಿನಲ್ಲಿಯೇ ಇವೆ. ಕೆ.ವಿ. ಸುಬ್ಬಣ್ಣನವರು ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರವನ್ನು ತೆರೆದರು. 1985ರಲ್ಲಿ ಆರಂಭವಾದ ‘ತಿರುಗಾಟ’ವು ಅಲ್ಲಿ ಕಲಿತವರಿಗೆ ಊರೂರು ಸುತ್ತಿ ನಾಟಕವಾಡುವ ಅವಕಾಶ ನೀಡಿತು. ಮೈಸೂರಿನಲ್ಲಿ 1989ರಲ್ಲಿ ಕಾರಂತರ ನೇತೃತ್ವದಲ್ಲಿ ರಂಗಾಯಣವು ಸ್ಥಾಪನೆಯಾಯಿತು. ಅಲ್ಲಿಯೂ ಒಂದು ವರ್ಷದ ಡಿಪ್ಲೊಮಾ ಶಿಕ್ಷಣ ನಡೆದುಬಂದಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ‘ಶಿವಸಂಚಾರ’ವನ್ನು ಆರಂಭಿಸಿದುದಲ್ಲದೆ, ಶ್ರೀ ಶಿವಕುಮಾರ ರಂಗಪ್ರಯೋಗ ಶಾಲೆಯನ್ನೂ ನಡೆಸುತ್ತ ಬಂದಿದ್ದಾರೆ. ಮಠದ ಅಂಗಳದಲ್ಲಿಯೇ ರಂಗಶಿಕ್ಷಣವು ನಡೆಯುತ್ತಿರುವಾಗ, ನಾಟಕವು ಮನೆತನಕ್ಕೆ ತಕ್ಕುದಲ್ಲವೆಂಬ ಮಾತಿಗೆ ಎಡೆಯೆಲ್ಲಿ?

ಸ್ನಾತಕೋತ್ತರ ಅಧ್ಯಯನವನ್ನು ಬಯಸುವವರಿಗೆ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. 1959ರಲ್ಲಿ ಆರಂಭವಾದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷಗಳ ಶಿಕ್ಷಣಕ್ಕೆ ಪದವಿಯೂ ರಂಗಾನುಭವವೂ ಬೇಕು. ಅಲ್ಲಿ ವಿದ್ಯಾರ್ಥಿವೇತನವುಂಟು, ಆದರೆ ಇಡೀ ದೇಶದಿಂದ ಕೆಲವರಷ್ಟೇ ಆಯ್ಕೆಯಾಗುತ್ತಾರೆ.

ಈ ಶಾಲೆಗಳಲ್ಲಿ ಕಲಿಸುವುದು ಮಾತು ಒಪ್ಪಿಸುವುದನ್ನಷ್ಟೇ ಅಲ್ಲ. ಉಸಿರು, ದನಿ, ದೇಹಗಳ ಸಾಧನೆ, ನಾಟಕ ಸಾಹಿತ್ಯದ ಓದು, ಪ್ರಸಾಧನ, ಬೆಳಕಿನ ವಿನ್ಯಾಸ, ರಂಗಸಜ್ಜಿಕೆಯ ಬಡಗಿ ಕೆಲಸ, ಉಡುಪಿನ ಹೊಲಿಗೆ ಎಲ್ಲವೂ ಅಭ್ಯಾಸದ ಭಾಗ. ರಾಜನ ಪಾತ್ರ ವಹಿಸಿದವನೂ ನಾಟಕ ಮುಗಿದ ಮೇಲೆ ಪೊರಕೆ ಹಿಡಿದು ರಂಗವನ್ನು ಗುಡಿಸಬೇಕು. ಕಾಯಕವೇ ಕೈಲಾಸವೆಂದು ನಂಬಿದ ನಮಗೆ ಈ ಶಿಸ್ತು ಪರಕೀಯವೆನಿಸದು.

ಇನ್ನು ಜೀವನೋಪಾಯದ ಮಾತು. ರಂಗಶಿಕ್ಷಣವು ಸರ್ಕಾರಿ ನೌಕರಿಯ ಭರವಸೆಯನ್ನು ಕೊಡದು. ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರ ಹುದ್ದೆಗಳು ಅತಿ ವಿರಳ. ರೆಪರ್ಟರಿಗಳಲ್ಲಿ ವೇತನವಿದ್ದರೂ ಅದು ದೊಡ್ಡದಲ್ಲ. ಖಾಸಗಿ ಶಾಲೆಗಳು, ಮಕ್ಕಳ ಶಿಬಿರಗಳು, ದೂರದರ್ಶನ, ಚಲನಚಿತ್ರ ಇವುಗಳಲ್ಲಿ ಕೆಲಸ ದೊರೆಯುವುದುಂಟು. ಆದರೆ ಅದು ತಿಂಗಳು ತಿಂಗಳೂ ಸಮನಾಗಿ ಬರುವ ಆದಾಯವಲ್ಲ. ಮಂಡ್ಯ ರಮೇಶ್ ಅವರು ನೀನಾಸಂನಲ್ಲಿ ಕಲಿತು, ರಂಗಾಯಣದಲ್ಲಿ ನಟಿಸಿ, ಮೈಸೂರಿನಲ್ಲಿ ‘ನಟನ’ ರಂಗಶಾಲೆಯನ್ನು ಕಟ್ಟಿದುದು ನಮಗೆ ಹೆಮ್ಮೆ. ಹಾಗೆಂದು ಕಲಿತವರೆಲ್ಲರೂ ಅಷ್ಟು ಎತ್ತರಕ್ಕೆ ಏರುವರೆಂದು ಹೇಳಿದರೆ ಅದು ಸತ್ಯವಾಗದು.

ಆದ್ದರಿಂದ ನಮ್ಮ ಸಲಹೆಯಿಷ್ಟು. ಒಂದು ವರ್ಷದ ಡಿಪ್ಲೊಮಾಗಳಿಗೆ ಪದವಿ ಕಡ್ಡಾಯವಲ್ಲವಾದರೂ ಮಕ್ಕಳು ಮೊದಲು ಪದವಿಯನ್ನು ಪೂರೈಸಲಿ. ಮುಂದೆ ಬಿ.ಇಡಿ. ಮಾಡಲು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂರಲು ಅದು ಊರುಗೋಲಾಗುತ್ತದೆ. ಅನಂತರ ಒಂದೇ ಒಂದು ವರ್ಷವನ್ನು ರಂಗಶಾಲೆಗೆ ಮೀಸಲಿಡಲಿ. ಆ ವರ್ಷ ಮುಗಿಯುವ ವೇಳೆಗೆ ಇದು ತನ್ನ ದಾರಿಯೋ ಅಲ್ಲವೋ ಎಂಬುದು ಅವರಿಗೇ ತಿಳಿಯುತ್ತದೆ. ದಾರಿಯಲ್ಲವೆಂದಾದರೂ ನಾಲ್ಕು ಜನರ ಮುಂದೆ ನಿಂತು ಸ್ಪಷ್ಟವಾಗಿ ಮಾತನಾಡುವ ಧೈರ್ಯವಂತೂ ವ್ಯರ್ಥವಾಗದು.

ಸೇರಿಸುವ ಮುನ್ನ ತಂದೆತಾಯಂದಿರು ಒಮ್ಮೆ ಆ ಶಾಲೆಗೆ ಹೋಗಿಬರುವುದು ಲೇಸು. ಮಂಡ್ಯ, ಮದ್ದೂರುಗಳಿಂದ ಮೈಸೂರಿಗೆ ರೈಲುಂಟು. ಮಳವಳ್ಳಿಯವರಿಗೆ ಬನ್ನೂರು ಮಾರ್ಗದ ಬಸ್ಸುಂಟು. ರಂಗಾಯಣದಲ್ಲಿ ಒಂದು ನಾಟಕವನ್ನು ಕುಟುಂಬಸಮೇತ ನೋಡಿ. ವಸತಿ, ಊಟ, ಶುಲ್ಕಗಳನ್ನು ಸಂಕೋಚವಿಲ್ಲದೆ ವಿಚಾರಿಸಿ. ಹೆಣ್ಣುಮಕ್ಕಳನ್ನು ಕಳುಹಿಸುವವರು ವಿದ್ಯಾರ್ಥಿನಿಯರ ವಸತಿ ವ್ಯವಸ್ಥೆಯನ್ನು ಕಣ್ಣಾರೆ ಕಂಡುಬನ್ನಿ. ಆದರೆ ಹೆಣ್ಣೆಂಬ ಒಂದೇ ಕಾರಣಕ್ಕೆ ಬೇಡವೆನ್ನದಿರಿ. ಶರಣೆಯರು ಅನುಭವ ಮಂಟಪದಲ್ಲಿ ಎದ್ದು ನಿಂತು ಮಾತನಾಡಿದ ಪರಂಪರೆ ನಮ್ಮದು.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯವರ ಗದ್ದುಗೆಯಿದೆ. ಅವರ ಕಥೆಯನ್ನು, ಅದರೊಳಗೆ ಬರುವ ಕಲ್ಯಾಣದ ಪ್ರಸಂಗವನ್ನು ನೀಲಗಾರರು ತಂಬೂರಿ ಹಿಡಿದು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಎಚ್.ಎಸ್. ಶಿವಪ್ರಕಾಶರು ಆ ಕಥೆಯನ್ನೇ ನಾಟಕವಾಗಿಸಿದರು. ಇಂತಹ ಸಂಪತ್ತಿನ ನಡುವೆ ಬೆಳೆದ ಮಕ್ಕಳು ಕಲಿತು ಹಿಂದಿರುಗಿ, ನಮ್ಮ ಊರಿನ ಶಾಲೆಯ ಮಕ್ಕಳಿಗೆ ನಾಟಕ ಕಲಿಸುವಂತಾದರೆ, ಒಂದು ರಾತ್ರಿಗೆ ನಾವು ಸುರಿಯುವ ಹಣಕ್ಕಿಂತ ಅದು ಹೆಚ್ಚು ಕಾಲ ಬಾಳೀತು. ಆ ಒಂದು ವರ್ಷವನ್ನು ಮಕ್ಕಳಿಗೆ ಕೊಡುವ ಮನಸ್ಸನ್ನು ಹಿರಿಯರು ಮಾಡಲೆಂದು ಹಾರೈಸುತ್ತೇವೆ.