ಹೇಳಲಾರದ ಗುಳ್ಳೆ, ತಾಳಲಾರದ ಚಿಂತೆ

ಕಳೆದ ಮಾಘಮಾಸದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗದಗಿನ ನಮ್ಮ ಮನೆಗೆ ಬಂದ. ಮುಂಡರಗಿಯ ಕಡೆಯವನು, ಮದುವೆ ನಿಶ್ಚಯವಾಗಿತ್ತು. ಲಗ್ನಪತ್ರಿಕೆ ಕೊಡಲು ಬಂದಿರಬೇಕೆಂದು ಸಂತೋಷದಿಂದ ಬರಮಾಡಿಕೊಂಡೆ. ಚಹಾ ಆಯಿತು, ಮಳೆಬೆಳೆಯ ಮಾತಾಯಿತು. ನನ್ನ ಶ್ರೀಮತಿ ಒಳಗೆ ಹೋದೊಡನೆ ಅವನು ತಲೆ ತಗ್ಗಿಸಿ, “ಸರ್, ಈ ಲಗ್ನ ನಿಲ್ಲಿಸಬೇಕಂತ ಮಾಡೇನ್ರಿ. ನನ್ನಿಂದ ಆ ಹುಡುಗಿ ಬಾಳೇವು ಹಾಳಾಗೂದು ಬ್ಯಾಡ,” ಎಂದ.

ತುಸು ಹೊತ್ತಿನ ಮೇಲೆ ಸಂಗತಿ ಹೊರಬಿತ್ತು. ಗುಹ್ಯಾಂಗದ ಮೇಲೆ ಸಾಸಿವೆಗಿಂತ ಸಣ್ಣ ಬಿಳಿಯ ಗುಳ್ಳೆಗಳು ಸಾಲುಗಟ್ಟಿದ್ದವು. ನೋವಿಲ್ಲ, ತುರಿಕೆಯಿಲ್ಲ, ಯಾವ ಹೆಣ್ಣಿನ ಸಂಗವನ್ನೂ ಮಾಡಿದವನಲ್ಲ. ಆದರೂ ಎಂಟು ತಿಂಗಳು ಆ ಚಿಂತೆಯನ್ನು ಒಬ್ಬನೇ ನುಂಗಿಕೊಂಡಿದ್ದ. ಅಂಗಡಿಯ ಮುಲಾಮು ತೀರಿತು. ಡೇರೆ ಹಾಕಿ ಕುಳಿತಿದ್ದ ‘ಗುಪ್ತರೋಗ ತಜ್ಞ’ನೊಬ್ಬ ಸಾವಿರಾರು ರೂಪಾಯಿ ಪಡೆದು ಎಣ್ಣೆ ಕೊಟ್ಟ. ಅದರಿಂದ ಚರ್ಮ ಸುಟ್ಟಿತು, ಗುಳ್ಳೆ ಹೋಗಲಿಲ್ಲ.

ಮರುದಿನ ಅವನನ್ನು ಮಲ್ಲಸಮುದ್ರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆ. ನಮ್ಮ ಜನ ‘ಜಿಮ್ಸ್’ ಎನ್ನುವುದು ಇದನ್ನೇ. ಚರ್ಮರೋಗ ವಿಭಾಗದ ವೈದ್ಯರು ದೀಪ ಹಿಡಿದು ನೋಡಿದರು. “ತಮ್ಮಾ, ಇದು ರೋಗ ಅಲ್ಲ. ಮೀಸಿ ಬಂದಂಗ ಇದೂ ಪ್ರಾಯಕ್ಕ ಬರೂದು. ಔಷಧ ಹಚ್ಚಬ್ಯಾಡ, ಲಗ್ನಾನೂ ನಿಲ್ಲಸಬ್ಯಾಡ,” ಎಂದು ನಕ್ಕರು. ಎಂಟು ತಿಂಗಳ ನರಕ ಎರಡು ನಿಮಿಷಗಳಲ್ಲಿ ಕರಗಿತು!

ಶಿಶ್ನಮಣಿಯ ಅಂಚಿನ ಸುತ್ತ ಒಂದೇ ಗಾತ್ರದ ಮುತ್ತಿನಂಥ ಗುಳ್ಳೆಗಳು ಒಂದೆರಡು ಸಾಲಾಗಿ ಕಾಣುವುದು ಅನೇಕ ತರುಣರಲ್ಲಿ ಸಹಜ. ಸ್ತ್ರೀಯರಲ್ಲಿಯೂ ಅಂಥವೇ ಮೃದುವಾದ ಕಣಗಳಿರುವುದುಂಟು. 1896ರಲ್ಲಿ ಅಮೆರಿಕದ ವೈದ್ಯ ಫೋರ್ಡೈಸ್ ವರ್ಣಿಸಿದ ಹಳದಿ ಛಾಯೆಯ ಚುಕ್ಕೆಗಳು ಚರ್ಮದ ಜಿಡ್ಡಿನ ಗ್ರಂಥಿಗಳು ಮಾತ್ರ. ಅವು ತುಟಿಯ ಮೇಲೂ ಇರುತ್ತವೆ. ಇವಾವುವೂ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಕೂದಲು ಬೋಳಿಸಿದ ಕಡೆ ಅದರ ಬುಡ ಕೆಂಪಾಗಿ ಉಬ್ಬುವುದೂ ಸಾಮಾನ್ಯ.

ಆದರೆ ವಾಚಕರು ಇಷ್ಟನ್ನೇ ಓದಿ ನಿಶ್ಚಿಂತರಾಗಬಾರದು. ನನ್ನ ವಿದ್ಯಾರ್ಥಿಯ ತೀರ್ಪು ಎಲ್ಲರ ತೀರ್ಪಲ್ಲ. ನಡುವೆ ಕುಳಿಯಿರುವ ಮುತ್ತಿನಂಥ ಗುಳ್ಳೆಗಳು ವೈರಾಣುವಿನಿಂದ ಬಂದವಾಗಿರಬಹುದು. ಹೂಕೋಸಿನಂತೆ ಗೊಂಚಲಾಗಿ ಬೆಳೆಯುವ ನರಹುಲಿಗಳಿಗೆ ಬೇರೊಂದು ವೈರಾಣು ಕಾರಣ. ಇವು ಸಂಪರ್ಕವಾದ ವಾರಗಳ ಮೇಲೆ, ಒಮ್ಮೊಮ್ಮೆ ಅನೇಕ ತಿಂಗಳುಗಳ ಮೇಲೆ ಕಾಣಿಸಿಕೊಳ್ಳುತ್ತವೆ. ಆದುದರಿಂದ ಇಂದು ಕಂಡುದು ನಿನ್ನೆಯ ತಪ್ಪೇ ಎಂದು ದಂಪತಿಗಳು ಒಬ್ಬರನ್ನೊಬ್ಬರು ಶಂಕಿಸುವುದು ಸಲ್ಲದು. ಉರಿಯೊಡನೆ ನೀರುಗುಳ್ಳೆಗಳೆದ್ದು ಒಡೆದರೆ ಹರ್ಪಿಸ್ ಇರಬಹುದು. ರಾತ್ರಿ ತುರಿಕೆ ಹೆಚ್ಚಿ, ಮನೆಯವರಿಗೂ ತುರಿಕೆಯಿದ್ದರೆ ಕಜ್ಜಿಯಿರಬಹುದು.

ಎಲ್ಲಕ್ಕಿಂತ ಮೋಸಗಾರನೆಂದರೆ ನೋವಿಲ್ಲದ ಹುಣ್ಣು. ನಮ್ಮ ಹಿರಿಯರು ‘ಪರಂಗಿ ಹುಣ್ಣು’ ಎನ್ನುತ್ತಿದ್ದ ಸಿಫಿಲಿಸ್ ಸಾಮಾನ್ಯವಾಗಿ ಸಂಪರ್ಕವಾದ ಸುಮಾರು 3 ವಾರಗಳ ಮೇಲೆ ಹೀಗೆ ತೋರಿಕೊಳ್ಳುತ್ತದೆ. 3ರಿಂದ 6 ವಾರಗಳಲ್ಲಿ ಔಷಧವಿಲ್ಲದೆಯೇ ಮಾಯುತ್ತದೆ. ಮಾಯಿತೆಂದು ರೋಗಿ ಹಿಗ್ಗುತ್ತಾನೆ. ರೋಗವಾದರೋ ರಕ್ತದಲ್ಲಿ ಉಳಿದು, ವರುಷಗಳ ಮೇಲೆ ಹೃದಯವನ್ನೂ ಮೆದುಳನ್ನೂ ಕೆಡಿಸಬಲ್ಲದು. ಗರ್ಭಿಣಿಯಲ್ಲಿದ್ದರೆ ಹೊಟ್ಟೆಯ ಕೂಸಿಗೂ ತಗಲುತ್ತದೆ. ಮೊದಲಲ್ಲೇ ರಕ್ತಪರೀಕ್ಷೆಯಿಂದ ಗುರುತಿಸಿದರೆ ಸಾಧಾರಣವಾಗಿ ಪೆನಿಸಿಲಿನ್ನಿನ ಒಂದು ಬಾರಿಯ ಚಿಕಿತ್ಸೆಯೇ ಸಾಕು.

ಈ ಭಯವೂ ಹೊಸದಲ್ಲ, ಮೋಸದ ಔಷಧವೂ ಹೊಸದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ‘ಶೂಕದೋಷ’ವೆಂಬ ಅಧ್ಯಾಯವೇ ಇದೆ. ಅಂಗವನ್ನು ಹಿಗ್ಗಿಸುವ ಆಸೆಯಿಂದ ಸಲ್ಲದ ಲೇಪಗಳನ್ನು ಹಚ್ಚಿಕೊಂಡವರಿಗೆ ಏಳುವ 18 ಬಗೆಯ ಗುಳ್ಳೆ, ಹುಣ್ಣುಗಳ ವರ್ಣನೆ ಅದು. ಇಂದಿನ ಡೇರೆಯ ಎಣ್ಣೆಗೂ ಅಂದಿನ ಲೇಪಕ್ಕೂ ಏನು ಅಂತರ? ಲೈಂಗಿಕ ರೋಗ ಗುಣಪಡಿಸುವೆವೆಂಬ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಗೋಡೆಗಳು ಮಾತ್ರ ಕಾಯಿದೆಯನ್ನು ಓದಿಲ್ಲ!

ಹಾಗಾದರೆ ವೈದ್ಯರಲ್ಲಿಗೆ ಯಾವಾಗ ಹೋಗಬೇಕು? ಗುಳ್ಳೆ ಒಡೆದು ಹುಣ್ಣಾದಾಗ, ರಕ್ತ ಒಸರಿದಾಗ, ಸಂಖ್ಯೆಯಲ್ಲೋ ಗಾತ್ರದಲ್ಲೋ ಬೆಳೆದಾಗ, ಕೀವು ಸುರಿದಾಗ, ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿದಾಗ, ಎರಡು ವಾರವಾದರೂ ಮಾಯದಾಗ, ಹೊಸ ಸಂಪರ್ಕದ ಬಳಿಕ ಏನೇ ಕಂಡಾಗ, ಗರ್ಭಿಣಿಯಾಗಿದ್ದಾಗ. ಬಾವು ಬೇಗ ಹರಡಿ ಜ್ವರ ಬಂದರೆ, ಅದರಲ್ಲೂ ಮಧುಮೇಹಿಗಳಲ್ಲಿ, ಒಂದು ದಿನವೂ ತಡೆಯಬಾರದು. ಇವಾವುವೂ ಇರದೆ ಬರಿಯ ಸಂದೇಹವಿದ್ದರೂ ಹೋಗಿರಿ. ಸಂದೇಹವೂ ನಿದ್ದೆ ಕೆಡಿಸುವ ರೋಗವೇ. ಅಷ್ಟರವರೆಗೆ ಗುಳ್ಳೆಯನ್ನು ಹಿಚುಕಬೇಡಿರಿ. ಸುಣ್ಣ ಸೋಡಾ ಹಚ್ಚಿ ಸುಡಬೇಡಿರಿ. ಕೈಯ ನರಹುಲಿಯ ಔಷಧವನ್ನು ಅಲ್ಲಿ ಹಚ್ಚಬೇಡಿರಿ. ಸ್ಟೀರಾಯ್ಡ್ ಬೆರೆತ ಮುಲಾಮು ಗಜಕರ್ಣವನ್ನು ಕ್ಷಣಕಾಲ ಅಡಗಿಸಿ ಮತ್ತಷ್ಟು ಹಬ್ಬಿಸುತ್ತದೆ. ರೋಗ ಗೊತ್ತಾಗುವವರೆಗೆ ದೇಹಸಂಪರ್ಕ ಬೇಡ. ಲೈಂಗಿಕ ರೋಗವೆಂದು ಗೊತ್ತಾದರೆ ಗಂಡಹೆಂಡಿರಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಶಿರಹಟ್ಟಿಯವರಾಗಲಿ ಲಕ್ಷ್ಮೇಶ್ವರದವರಾಗಲಿ ಮೊದಲು ಊರಿನ ಸರಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಬಹುದು. ಗುರುತಿನವರು ಕಂಡಾರೆಂಬ ಅಳುಕಿದ್ದರೆ ಗದಗಿಗೆ ಬಸ್ಸುಗಳಿವೆ. ಹೆಣ್ಣುಮಕ್ಕಳು ಮಹಿಳಾ ವೈದ್ಯರೇ ಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಲೈಂಗಿಕ ರೋಗಗಳಿಗಾಗಿ ಸರಕಾರವೇ ‘ಸುರಕ್ಷಾ ಕ್ಲಿನಿಕ್’ಗಳನ್ನು ಏರ್ಪಡಿಸಿದೆ, 1097 ಸಂಖ್ಯೆಗೆ ದೂರವಾಣಿ ಮಾಡಿದರೆ ಉಚಿತವಾಗಿ ಸಲಹೆ ದೊರೆಯುತ್ತದೆ.

ಕನ್ನಡ ಕಲಿಸುವವನಾದ ನನಗೆ ‘ಗುಹ್ಯ’ವೆಂಬ ಮಾತಿನ ಅರ್ಥ ಗೊತ್ತು: ಮರೆಯಲ್ಲಿ ಇಡತಕ್ಕದ್ದು. ಲೋಕದಿಂದ ಮರೆಯಾಗಿಡುವುದು ಮರ್ಯಾದೆ. ವೈದ್ಯರಿಂದ ಮರೆಯಾಗಿಡುವುದು ಅಪಾಯ. ಪ್ರಾಯದ ಮಕ್ಕಳಿಗೆ ಈ ಭೇದವನ್ನು ತಿಳಿಹೇಳಬೇಕಾದವರು ತಂದೆತಾಯಿಗಳು. ಅವರು ಬಾಯಿ ಬಿಡದಿದ್ದರೆ ಡೇರೆಯವನು ಬಿಡುತ್ತಾನೆ.

ವೈಶಾಖದಲ್ಲಿ ಆ ಹುಡುಗನ ಲಗ್ನಪತ್ರಿಕೆ ಬಂದಿತು. ಅಕ್ಷತೆಗೆ ನಾವಿಬ್ಬರೂ ಹೋಗಿದ್ದೆವು.