ಮೂತ್ರಪಿಂಡದ ರೋಗವೂ ಎಲುಬಿನ ಸವೆತವೂ

ಮೂತ್ರಪಿಂಡಗಳು ಕೆಟ್ಟರೆ ಮೈ ಊದುವುದೆಂದೂ ರಕ್ತದ ಒತ್ತಡವು ಏರುವುದೆಂದೂ ಜನರು ಬಲ್ಲರು. ಎಲುಬುಗಳು ಸವೆದು ಮುರಿಯುವುವೆಂಬುದನ್ನು ಬಲ್ಲವರು ವಿರಳ. ವೈದ್ಯರಿಗೆ ಈ ಸಂಬಂಧವು ಹೊಸದಲ್ಲ. 1883ರಷ್ಟು ಹಿಂದೆಯೇ ಲಂಡನ್ನಿನ ಶಸ್ತ್ರವೈದ್ಯರಾದ ಲೂಕಸರು, ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದ ಎಳೆಯ ಪ್ರಾಯದವರ ಎಲುಬುಗಳು ಬಾಗಿದ್ದುದನ್ನು ಕಂಡು ಬರೆದಿದ್ದರು. ಕಾರಣವು ಮಾತ್ರ ಬಹುಕಾಲ ತಿಳಿಯದೆ ಉಳಿಯಿತು. ಅದನ್ನು ಬಿಡಿಸಿ ತೋರಿಸಿದವರಲ್ಲಿ ಅಗ್ರಗಣ್ಯರು, ಅರ್ಜೆಂಟೀನದಲ್ಲಿ ಜನಿಸಿ ಅಮೆರಿಕದ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ದುಡಿದ ಡಾಕ್ಟರ್ ಎಡುವಾರ್ಡೊ ಸ್ಲಾಟೊಪೊಲ್ಸ್ಕಿಯವರು.

ವಿಷಯವು ಹೀಗಿದೆ. ನಾವು ಉಣ್ಣುವ ಅನ್ನ, ಬೇಳೆ, ಹಾಲು ಎಲ್ಲದರಲ್ಲಿಯೂ ರಂಜಕವಿರುವುದು. ಹೆಚ್ಚಾದುದನ್ನು ಮೂತ್ರಪಿಂಡಗಳು ಹೊರಹಾಕುವುವು. ಅವು ಕ್ಷೀಣಿಸಿದಾಗ ರಂಜಕವು ರಕ್ತದಲ್ಲಿ ನಿಲ್ಲತೊಡಗಿ, ಸುಣ್ಣದ ಸತ್ವವಾದ ಕ್ಯಾಲ್ಸಿಯಮ್ ಕುಗ್ಗುವುದು. ಆಗ ಕಂಠದಲ್ಲಿರುವ, ಅಕ್ಕಿಯ ಕಾಳಿನಷ್ಟೇ ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚೆತ್ತು ತಮ್ಮ ರಸವನ್ನು ಅತಿಯಾಗಿ ಸುರಿಸುವುವು. ಆ ರಸವು ರಂಜಕವನ್ನು ಮೂತ್ರದೊಳಕ್ಕೆ ನೂಕುವುದು ದಿಟ. ಆದರೆ ಜೊತೆಗೇ ಎಲುಬಿನ ಸುಣ್ಣವನ್ನೂ ಕರಗಿಸುವುದು. ಮನೆಯ ತೊಲೆಗಳನ್ನು ಮಾರಿ ಕಂದಾಯ ಕಟ್ಟಿದಂತೆ! ಡಾಕ್ಟರ್ ನೀಲ್ ಬ್ರಿಕರರು 1972ರಲ್ಲಿ ಸಿದ್ಧಾಂತರೂಪದಲ್ಲಿ ವಿವರಿಸಿದ ವಿನಿಮಯವು ಇದೇ.

ಸ್ಲಾಟೊಪೊಲ್ಸ್ಕಿಯವರೂ ಬ್ರಿಕರರೂ ಸಂಗಡಿಗರೊಡನೆ 1971ರಲ್ಲಿ ಪ್ರಕಟಿಸಿದ ಪ್ರಯೋಗವು ಬಹು ಸರಳವಾದುದು. ನಾಯಿಗಳ ಮೂತ್ರಪಿಂಡದ ಶಕ್ತಿಯನ್ನು ಹಂತಹಂತವಾಗಿ ಕುಗ್ಗಿಸಿ, ಕೆಲವಕ್ಕೆ ದಿನಕ್ಕೆ 1200 ಮಿಲಿಗ್ರಾಮ್ ರಂಜಕವಿರುವ ಆಹಾರವನ್ನೂ ಉಳಿದವಕ್ಕೆ 100ಕ್ಕೂ ಕಡಿಮೆಯಿರುವುದನ್ನೂ ಕೊಟ್ಟರು. ಮೊದಲನೆಯವುಗಳಲ್ಲಿ ಗ್ರಂಥಿರಸವು ವಿಪರೀತವಾಗಿ ಏರಿತು, ಎರಡನೆಯವುಗಳಲ್ಲಿ ಏರಲಿಲ್ಲ. ಮೂತ್ರಪಿಂಡದ ಹಾನಿ ಎರಡಕ್ಕೂ ಸಮಾನವಾಗಿದ್ದಿತೆಂಬುದನ್ನು ವಾಚಕರು ಲಕ್ಷಿಸಬೇಕು.

ಇದಕ್ಕೆ ಮುಂಚೆ 1970ರಲ್ಲಿ ಕೇಂಬ್ರಿಜ್ಜಿನ ಫ್ರೇಸರ್ ಮತ್ತು ಕೊಡಿಚೆಕ್ ಎಂಬ ವಿಜ್ಞಾನಿಗಳು, 'ಡಿ' ಜೀವಸತ್ವವು ಅಂತಿಮ ರೂಪವನ್ನು ತಾಳುವುದು ಮೂತ್ರಪಿಂಡದಲ್ಲಿಯೇ ಎಂದು ತೋರಿಸಿದ್ದರು. ಅಂದಮೇಲೆ ಮೂತ್ರಪಿಂಡದ ರೋಗಿಯು ಬಿಸಿಲಿನಲ್ಲಿ ಎಷ್ಟು ಕುಳಿತರೂ ಪ್ರಯೋಜನ ಅಲ್ಪ. ಆ ಅಂತಿಮ ರೂಪವನ್ನೇ ರಕ್ತನಾಳಕ್ಕೆ ಕೊಟ್ಟರೆ ಗ್ರಂಥಿಗಳು ತಣಿಯುವುವೆಂಬುದನ್ನು ಸ್ಲಾಟೊಪೊಲ್ಸ್ಕಿಯವರು 1984ರಲ್ಲಿ ಡಯಾಲಿಸಿಸ್ ರೋಗಿಗಳಲ್ಲಿ ಸಿದ್ಧಪಡಿಸಿದರು.

ಔಷಧವೇ ವಿಷವಾದ ಪ್ರಸಂಗವೂ ಈ ಚರಿತ್ರೆಯಲ್ಲುಂಟು. ಕರುಳಿನಲ್ಲಿಯೇ ರಂಜಕವನ್ನು ಹಿಡಿದಿಡಲೆಂದು ವೈದ್ಯರು ವರ್ಷಗಟ್ಟಲೆ ಅಲ್ಯೂಮಿನಿಯಮ್ ಲವಣವನ್ನು ಕೊಡುತ್ತಿದ್ದರು. ಅಲ್ಯೂಮಿನಿಯಮ್ ರೋಗಿಗಳ ಮೆದುಳನ್ನೂ ಎಲುಬನ್ನೂ ಸೇರಿ ಹಾಳುಮಾಡುತ್ತಿದೆಯೆಂದು 1970ರ ದಶಕದಲ್ಲಿ ಬಯಲಾಯಿತು. ಅದಕ್ಕೆ ಬದಲಾಗಿ ಕ್ಯಾಲ್ಸಿಯಮ್ ಕಾರ್ಬೊನೇಟನ್ನು ಊಟದೊಡನೆ ಕೊಡಬಹುದೆಂದು ಸ್ಲಾಟೊಪೊಲ್ಸ್ಕಿಯವರ ತಂಡವು 1986ರಲ್ಲಿ ವರದಿ ಮಾಡಿತು. (ಇದು ವೀಳ್ಯದ ಸುಣ್ಣವಲ್ಲ, ಯಾರೂ ಮನೆಯಲ್ಲಿ ಪರೀಕ್ಷಿಸಬಾರದು.) ಅದು ಅತಿಯಾದರೆ ರಕ್ತನಾಳಗಳಲ್ಲಿ ಸುಣ್ಣ ಕಟ್ಟಬಹುದೆಂಬ ಶಂಕೆಯು ಮುಂದೆ ಬಲವಾಗಿ, ಕ್ಯಾಲ್ಸಿಯಮ್ ಇಲ್ಲದ ಔಷಧಗಳೂ ಬಂದಿವೆ.

ನಮ್ಮ ದೇಶದಲ್ಲಿ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಪ್ರಾರಂಭವಾಗಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಚಿಕಿತ್ಸೆಯು ದೊರೆಯುವಂತಾದುದು ಸ್ತುತ್ಯವೇ. ಆದರೆ ಯಂತ್ರದಿಂದ ಒಂದು ಸಲಕ್ಕೆ ಹೊರಹೋಗುವ ರಂಜಕವು ಸುಮಾರು 800 ಮಿಲಿಗ್ರಾಮ್. ಸಾಮಾನ್ಯ ಊಟದಲ್ಲಿ ಒಳಬರುವುದು ದಿನಕ್ಕೆ ಸುಮಾರು 1000. ವಾರಕ್ಕೆ ಮೂರು ಸಲ ಯಂತ್ರಕ್ಕೆ ಕುಳಿತರೂ ಲೆಕ್ಕ ಸರಿಹೋಗದು. ನಮ್ಮಲ್ಲಿ ಎರಡೇ ಸಲ ಬರುವ ರೋಗಿಗಳು ಅನೇಕರು. ಆದುದರಿಂದ ಯಂತ್ರದ ಜೊತೆಗೆ ರಕ್ತಪರೀಕ್ಷೆಯೂ ಪಥ್ಯದ ಉಪದೇಶವೂ ಪ್ರತಿ ಕೇಂದ್ರದಲ್ಲಿ ಇರಬೇಕೆಂದು ನಾವು ಸರ್ಕಾರವನ್ನು ಒತ್ತಾಯಪಡಿಸುತ್ತೇವೆ.

ಪಥ್ಯವೆಂದರೆ ಬೇಳೆಯ ಸಾರನ್ನು ಕಿತ್ತುಕೊಳ್ಳುವುದಲ್ಲ. ಧಾನ್ಯ ಬೇಳೆಗಳ ರಂಜಕದಲ್ಲಿ ಅರ್ಧಕ್ಕೂ ಕಡಿಮೆಯೇ ಮೈಗೆ ಹತ್ತುವುದು. ಪೊಟ್ಟಣದ ತಿಂಡಿಗಳಿಗೂ ಸೀಸೆಯ ಪಾನೀಯಗಳಿಗೂ ಬೆರೆಸುವ ಫಾಸ್ಫೇಟುಗಳಾದರೋ ಬಹುಮಟ್ಟಿಗೆ ಪೂರ್ಣವಾಗಿ ಹತ್ತುವುವು. ರಂಜಕವು ಎಷ್ಟಿದೆಯೆಂದು ಪೊಟ್ಟಣದ ಮೇಲೆ ಅಚ್ಚುಹಾಕಬೇಕೆಂಬ ಕಟ್ಟಳೆಯು ಇಲ್ಲದಿರುವುದರಿಂದ, ರೋಗಿಗಳ ಮನೆಯವರು ಸದ್ಯಕ್ಕೆ ಸಣ್ಣಕ್ಷರಗಳಲ್ಲಿ 338, 450, 451, 452 ಎಂಬ ಸಂಖ್ಯೆಗಳನ್ನು ಹುಡುಕಿ ನೋಡತಕ್ಕದ್ದು.